ಮೊದಲ ಮದುವೆ ಫೋಟೋ ಒಬ್ಬನೇ ತೆಗೆಯಬೇಕು: 1 ಲಕ್ಷ 20 ಸಾವಿರಕ್ಕೆ ದೊಡ್ಡ ಲೆನ್ಸಾ, ಎರಡನೇ ಕ್ಯಾಮೆರಾ ಬಾಡಿಯಾ?

ಸೋಗೆಚಪ್ಪರ

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲೂಕಿನ ಹಳ್ಳಿಯವನು. ಎರಡು ವರ್ಷದಿಂದ ಒಂದು ಸ್ಟುಡಿಯೋದವರ ಜೊತೆ ಮದುವೆಗಳಿಗೆ ಹೋಗುತ್ತಿದ್ದೇನೆ. ಮೊದಲು ಬರೀ ಲೈಟ್ ಹಿಡಿಯುತ್ತಿದ್ದೆ. ಈಚೆಗೆ ಊಟದ ಪಂಕ್ತಿ, ನೆಂಟರ ಮಾತುಕತೆ, ಮಕ್ಕಳ ಆಟ ಇವನ್ನೆಲ್ಲ ತೆಗೆಯಲು ಬಿಡುತ್ತಾರೆ. ಧಾರೆ ಹೊತ್ತಿನ ಫೋಟೋ ಮಾತ್ರ ನಾನು ಇದುವರೆಗೆ ತೆಗೆದಿಲ್ಲ. ಅದು ಯಜಮಾನರ ಕೆಲಸ.

ಈಗ ಗೆಳೆಯನ ತಂಗಿಗೆ ಮದುವೆ ಗೊತ್ತಾಗಿದೆ. ಮೇ ಕೊನೆಯ ವಾರ. ಮನೆ ಅಂಗಳದಲ್ಲೇ ಚಪ್ಪರ. ಸುಮಾರು ಐನೂರು ಜನ ಬರುತ್ತಾರೆ. "ಬೇರೆಯವರು ಯಾಕೆ, ನೀನೇ ತೆಗಿ" ಎಂದು ಗೆಳೆಯನ ಅಪ್ಪ ಹೇಳಿದರು. ಒಪ್ಪಿಕೊಂಡೆ. ಆಮೇಲೆ ಭಯ ಶುರುವಾಗಿದೆ.

ನನ್ನ ಬಳಿ ನಿಕಾನ್ ಡಿ5600, ಅದರ ಜೊತೆ ಬಂದ 18-55 ಕಿಟ್ ಲೆನ್ಸ್, ಒಂದು 50 ಎಂಎಂ ಎಫ್/1.8 ಇವೆ. ಸ್ವಂತ ಫ್ಲ್ಯಾಶ್ ಇಲ್ಲ. ಕೂಡಿಟ್ಟ ದುಡ್ಡು 1 ಲಕ್ಷ 20 ಸಾವಿರ. "ಕಣ್ಣು ಮುಚ್ಚಿಕೊಂಡು 24-70 ಎಫ್/2.8 ದೊಡ್ಡ ಲೆನ್ಸ್ ತಗೋ" ಎನ್ನುವವರೇ ಜಾಸ್ತಿ. ಎರಡನೇ ಬಾಡಿ ನಿಜಕ್ಕೂ ಬೇಕಾ? ನನ್ನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?

ಎರಡನೇ ಕಾರ್ಡ್

ತಮ್ಮಾ, ಲೆನ್ಸ್ ವಿಷಯ ಆಮೇಲೆ. ಮೊದಲು ಇದನ್ನು ಓದು.

2016ರಲ್ಲಿ ಅರಸೀಕೆರೆ ಹತ್ತಿರ ಒಂದು ಮದುವೆ ತೆಗೆದೆ. ಒಂದೇ ಕ್ಯಾಮೆರಾ, ಅದರಲ್ಲಿ ಒಂದೇ ಕಾರ್ಡ್ ಸ್ಲಾಟ್. ಧಾರೆ ಮುಗಿದು ಆರತಕ್ಷತೆಗೆ ಮೊದಲು ಕಾರ್ಡ್ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿದೆ. ಓದಲಿಲ್ಲ. ಕ್ಯಾಮೆರಾಗೆ ವಾಪಸ್ ಹಾಕಿದೆ, ಅಲ್ಲೂ ಓದಲಿಲ್ಲ. ಡೇಟಾ ತೆಗೆದುಕೊಡುವವರ ಹತ್ತಿರ ಹೋಗಿ ದುಡ್ಡು ಕೊಟ್ಟ ಮೇಲೆ ಸಿಕ್ಕಿದ್ದು ಅರ್ಧ ಚಿತ್ರಗಳು. ಅದರಲ್ಲಿ ತಾಳಿ ಕಟ್ಟಿದ್ದು ಇರಲಿಲ್ಲ. ಹುಡುಗಿಯ ತಾಯಿ ಬೈಯಲಿಲ್ಲ. "ತಾಳಿ ಕಟ್ಟೋದು ಯಾವ ಪುಟದಲ್ಲಿದೆ ಮಗಾ?" ಎಂದು ಆಲ್ಬಮ್ ತಿರುಗಿಸುತ್ತಾ ಕೇಳಿದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಅದಕ್ಕೇ ಹೇಳುತ್ತೇನೆ, ನಿನಗೆ ಮೊದಲು ಬೇಕಾದದ್ದು ಎರಡು ಕಾರ್ಡ್ ಸ್ಲಾಟ್ ಇರುವ ಬಾಡಿ. ಡಿ5600ರಲ್ಲಿ ಒಂದೇ ಸ್ಲಾಟ್. ಸೆಕೆಂಡ್ ಹ್ಯಾಂಡ್‌ನಲ್ಲಿ ನಿಕಾನ್ ಡಿ750 ಸಿಗುತ್ತದೆ, ಎರಡು ಎಸ್‌ಡಿ ಸ್ಲಾಟ್. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಬೇಕೆಂದರೆ ನಿಕಾನ್ ಝಡ್5, ಸೋನಿ ಎ7 ಮಾರ್ಕ್ 3 ಎರಡಕ್ಕೂ ಜೋಡಿ ಸ್ಲಾಟ್ ಇದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸಾರಿನ ಕ್ಯಾಮೆರಾ) ಆದರೆ ಎರಡು ಸ್ಲಾಟ್ ಇದ್ದೇ ಇರುತ್ತದೆ ಎಂದು ನಂಬಬೇಡ. ಕ್ಯಾನನ್ 6ಡಿ, ಮೊದಲ ನಿಕಾನ್ ಝಡ್6 ಎರಡೂ ಫುಲ್ ಫ್ರೇಮ್, ಎರಡಕ್ಕೂ ಒಂದೇ ಸ್ಲಾಟ್.

ಎರಡು ಸ್ಲಾಟ್ ಇದ್ದರೆ ಸಾಲದು, ಮೆನುವಿನಲ್ಲಿ ಎರಡನೇ ಸ್ಲಾಟ್‌ನ ಕೆಲಸ "ಬ್ಯಾಕಪ್" ಎಂದು ಇಡಬೇಕು, ಆಗ ಪ್ರತಿ ಚಿತ್ರ ಎರಡೂ ಕಾರ್ಡಿಗೆ ಹೋಗುತ್ತದೆ. "ಓವರ್‌ಫ್ಲೋ" ಎಂದಿದ್ದರೆ ಮೊದಲ ಕಾರ್ಡ್ ತುಂಬಿದ ಮೇಲಷ್ಟೇ ಎರಡನೆಯದಕ್ಕೆ ಬರೆಯುತ್ತದೆ. ಎರಡು ಸ್ಲಾಟ್ ಕ್ಯಾಮೆರಾ ಇಟ್ಟುಕೊಂಡೂ ಓವರ್‌ಫ್ಲೋನಲ್ಲೇ ಮದುವೆ ತೆಗೆಯುವವರನ್ನು ನೋಡಿದ್ದೇನೆ.

ಗಾಜೇ ಮುಖ್ಯ

ಎರಡನೇ ಕಾರ್ಡ್ ಅಣ್ಣ ಹೇಳಿದ ನೋವು ನಿಜ. ಆದರೂ ನಾನು ಲೆನ್ಸ್ ಪರವಾಗಿ ಮಾತಾಡುತ್ತೇನೆ. ಬಾಡಿಯ ಬೆಲೆ ವರ್ಷ ವರ್ಷ ಇಳಿಯುತ್ತದೆ. ಒಳ್ಳೆ ಲೆನ್ಸ್ ಹತ್ತು ವರ್ಷ ದುಡಿಯುತ್ತದೆ.

ಲೆಕ್ಕ ನೋಡಿ. ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಬೆಳಕು ಜಾಸ್ತಿ. ಐಎಸ್‌ಒ ಎಂದರೆ ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಅಳತೆ, ಹೆಚ್ಚಾದಷ್ಟೂ ಚಿತ್ರ ಕಾಳುಕಾಳು. ಕಿಟ್ ಲೆನ್ಸನ್ನು 55ಕ್ಕೆ ಎಳೆದರೆ ಎಫ್/5.6. ಆ ಬೆಳಕಿನಲ್ಲಿ ಐಎಸ್‌ಒ 6400 ಬೇಕಾಗಿದ್ದರೆ, ಎಫ್/2.8 ಲೆನ್ಸ್‌ನಲ್ಲಿ 1600 ಸಾಕು. ಎಫ್/1.8ರಲ್ಲಾದರೆ ಸುಮಾರು 640. ಡಿ5600ರಂಥ ಕ್ಯಾಮೆರಾದಲ್ಲಿ 6400ಕ್ಕೂ 640ಕ್ಕೂ ಇರುವ ವ್ಯತ್ಯಾಸ ಆಲ್ಬಮ್ ಪುಟದಲ್ಲಿ ಯಾರಿಗೂ ಕಾಣುತ್ತದೆ.

ಹಾಗಂತ ಎಫ್/1.8ರಲ್ಲೇ ಎಲ್ಲ ತೆಗೆಯಬೇಡಿ. ವಧು ಮುಂದೆ, ವರ ಒಂದು ಅಡಿ ಹಿಂದೆ ಕೂತಿದ್ದರೆ ಒಬ್ಬರ ಕಣ್ಣು ಚೂಪಾಗಿ, ಇನ್ನೊಬ್ಬರದ್ದು ಮಸುಕಾಗುತ್ತದೆ. ಜೋಡಿಗೆ ಎಫ್/2.8ರಿಂದ ಎಫ್/4 ಇಟ್ಟುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಹುಡುಕುವಾಗ ಒಂದು ಎಚ್ಚರ. ನಿಕಾನ್‌ನ ಹಳೇ ಎಎಫ್-ಡಿ ಲೆನ್ಸ್‌ಗಳು ಅಗ್ಗ, ಆದರೆ ಅವುಗಳೊಳಗೆ ಫೋಕಸ್ ಮೋಟಾರ್ ಇಲ್ಲ. ಡಿ5600 ಬಾಡಿಯಲ್ಲೂ ಇಲ್ಲ, ಹಾಗಾಗಿ ಅವು ಅದರಲ್ಲಿ ಆಟೋಫೋಕಸ್ ಆಗುವುದಿಲ್ಲ. ಡಿ750ರಲ್ಲಿ ಆಗುತ್ತವೆ.

ಬೆಳಕಿಂಡಿ

ನಾನು ಮೈಸೂರಿನಲ್ಲಿ ಹನ್ನೊಂದು ವರ್ಷದಿಂದ ಮದುವೆ ತೆಗೆಯುತ್ತಿದ್ದೇನೆ. ಲೆನ್ಸಾ ಬಾಡಿಯಾ ಅನ್ನುವುದಕ್ಕೆ ಮೊದಲು ನನ್ನದೊಂದು ಪ್ರಶ್ನೆ. ಚಪ್ಪರಕ್ಕೆ ಮೇಲೆ ಏನು ಹೊದಿಸುತ್ತಾರೆ? ಸೋಗೆಯಾ, ಟಾರ್ಪಾಲಾ? ಟಾರ್ಪಾಲಾದರೆ ಯಾವ ಬಣ್ಣ?

ಸೋಗೆಚಪ್ಪರ

ಅಕ್ಕಾ, ಅಡಿಕೆ ಸೋಗೆ ಹೊದಿಸಿ, ಮಳೆ ಬಂದರೆ ಎಂದು ಅದರ ಮೇಲೆ ನೀಲಿ ಟಾರ್ಪಾಲು ಎಳೆಯುತ್ತಾರಂತೆ. ಮೇ ಕೊನೆಗೆ ನಮ್ಮ ಕಡೆ ಯಾವ ಸಂಜೆ ಬೇಕಾದರೂ ಮಳೆ ಬೀಳಬಹುದು.

ಬೆಳಕಿಂಡಿ

ಅದೇ ನನಗೆ ಅನುಮಾನ ಇತ್ತು. ನಿಮ್ಮ ದೊಡ್ಡ ತೊಂದರೆ ಲೆನ್ಸ್ ಅಲ್ಲ, ಆ ನೀಲಿ ಟಾರ್ಪಾಲು.

ಬಿಸಿಲು ಟಾರ್ಪಾಲಿನ ಮೂಲಕ ಇಳಿದರೆ ಎಲ್ಲರ ಮುಖಕ್ಕೂ ನೀಲಿ ಹತ್ತುತ್ತದೆ. ಅರಿಶಿನ ಹಚ್ಚಿದ ಕೆನ್ನೆ ಹಸಿರಿಗೆ ತಿರುಗುತ್ತದೆ. ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಬೌನ್ಸ್ ಮಾಡಿದರೆ ಆ ಬೆಳಕೂ ನೀಲಿಯಾಗಿಯೇ ವಾಪಸ್ ಬರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿ ಕಾಣುವ ಹಾಗೆ ಬಣ್ಣದ ಹೊಂದಿಕೆ) ಸರಿಮಾಡಲು ಕೂತರೆ ಮುಖ ಸರಿಯಾದಾಗ ಬಿಳಿ ಪಂಚೆ ಕೆಡುತ್ತದೆ, ಪಂಚೆ ಸರಿಯಾದಾಗ ಮುಖ ಕೆಡುತ್ತದೆ. ಒಂದೊಂದು ಚಿತ್ರಕ್ಕೆ ಹತ್ತು ನಿಮಿಷ ಹೋಗುತ್ತದೆ.

ಇದಕ್ಕೆ ನಾನು ಮಾಡುವುದು ಹೀಗೆ. ಮನೆಯವರ ಹತ್ತಿರ ಈಗಲೇ ಮಾತಾಡಿ. ಮಂಟಪದ ಮೇಲೆ ಬರುವಷ್ಟು ಜಾಗಕ್ಕೆ, ಸೋಗೆಯ ಕೆಳಗೆ, ಬಿಳಿ ಬಟ್ಟೆ ಕಟ್ಟಿಸಿ. ಎರಡು ಬಿಳಿ ಪಂಚೆ ಸೇರಿಸಿ ಹೊಲಿದರೂ ಆಯಿತು. ಇದರಿಂದ ಮೂರು ಉಪಕಾರ. ನೀಲಿ ತುಸು ಕಡಿಮೆಯಾಗುತ್ತದೆ. ಸೋಗೆ ಸಂದಿನಿಂದ ಬೀಳುವ ಬಿಸಿಲ ಚುಕ್ಕೆ ಮುಖದ ಮೇಲೆ ಬೀಳುವುದಿಲ್ಲ. ನಿಮ್ಮ ಫ್ಲ್ಯಾಶ್‌ಗೆ ಬೌನ್ಸ್ ಮಾಡಲು ಬಿಳಿ ಚಾವಣಿ ಸಿಗುತ್ತದೆ. ಸಾಧ್ಯವಾದರೆ ಟಾರ್ಪಾಲನ್ನು ಒಂದು ಬದಿ ಸುತ್ತಿಟ್ಟು, ಮೋಡ ಕಂಡಾಗ ಎಳೆಯಲು ಹೇಳಿ.

ಮುಹೂರ್ತಕ್ಕೆ ಅರ್ಧ ಗಂಟೆ ಮೊದಲು ಮಂಟಪದಲ್ಲಿ ಕೂತು ಗ್ರೇ ಕಾರ್ಡ್ (ಆಮೇಲೆ ಬಣ್ಣ ಸರಿಮಾಡಲು ಆಧಾರವಾಗುವ ಬೂದು ಹಾಳೆ) ಇಟ್ಟು ಒಂದು ಫೋಟೋ ತೆಗೆದುಕೊಳ್ಳಿ. ಎಲ್ಲ ರಾ ಫೈಲ್‌ನಲ್ಲೇ (ಆಮೇಲೆ ತಿದ್ದಲು ಅನುಕೂಲವಾಗುವ, ಸೆನ್ಸಾರಿನ ಪೂರ್ತಿ ಮಾಹಿತಿ ಇರುವ ಫೈಲ್) ತೆಗೆಯಿರಿ.

ಇನ್ನೂ ಎರಡು ಮಾತು. ಹೋಮದ ಹೊಗೆ ಎದ್ದಾಗ ಕ್ಯಾಮೆರಾ ಮೇಲಿನ ಫ್ಲ್ಯಾಶ್ ಆರಿಸಿ. ಬೆಳಕು ಹೊಗೆಗೇ ಬಡಿದು ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಅದೇ ಹೊಗೆಗೆ ಹಿಂದಿನಿಂದ ಅಥವಾ ಪಕ್ಕದಿಂದ ಬೆಳಕು ಬಿದ್ದರೆ ತುಂಬಾ ಚೆನ್ನಾಗಿ ಬರುತ್ತದೆ. ಹಾಗಾಗಿ ಹೊಗೆಯ ಹೊತ್ತಿಗೆ ನೀವು ಎಲ್ಲಿ ನಿಂತಿರಬೇಕು ಎಂದು ಮೊದಲೇ ನೋಡಿಟ್ಟುಕೊಳ್ಳಿ.

ಸಂಜೆ ಎಲ್‌ಇಡಿ ಹಾಕುತ್ತಾರೆ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಶಟರ್ 1/100 ಅಥವಾ 1/50 ಸೆಕೆಂಡಿಗೆ ಇಟ್ಟರೆ ಚಿತ್ರದಲ್ಲಿ ಪಟ್ಟೆ ಬೀಳುವುದು ತಪ್ಪುತ್ತದೆ. ಮಿರರ್‌ಲೆಸ್ ತಗೊಂಡರೆ ಅಲ್ಲಿ ಸೈಲೆಂಟ್ ಶಟರ್ ಬಳಸಲೇಬೇಡಿ, ಪಟ್ಟೆ ಇನ್ನೂ ಜಾಸ್ತಿ.

ಹಳೇ ರೋಲ್

ಬೆಳಕಿಂಡಿ ಮೇಡಂ ಹೇಳಿದ ಪಂಚೆ ಉಪಾಯ ನಾವೂ ಮಾಡುತ್ತಿದ್ದೆವು. ನೋಡಿ ಸಂತೋಷವಾಯಿತು.

ನಾನು ಫಿಲ್ಮ್ ಕಾಲದವನು. ಯಾಶಿಕಾ ಟಿಎಲ್‌ಆರ್‌ನಲ್ಲಿ (ಮೇಲೆ ಕೆಳಗೆ ಎರಡು ಲೆನ್ಸ್ ಇರುವ ಕ್ಯಾಮೆರಾ) 120 ಅಳತೆಯ ರೋಲ್ ಹಾಕಿ ಮದುವೆ ತೆಗೆಯುತ್ತಿದ್ದೆ. ಒಂದು ರೋಲಿಗೆ 12 ಚಿತ್ರ. ಒಂದು ಮದುವೆಗೆ ಮೂರು ರೋಲು, ಅನುಕೂಲಸ್ಥರಾದರೆ ನಾಲ್ಕು. ಅಂದರೆ ಇಡೀ ಮದುವೆಗೆ 36 ಅಥವಾ 48 ಚಿತ್ರ. ಹನ್ನೆರಡನೆಯ ಚಿತ್ರ ಮುಗಿದು ರೋಲ್ ಬದಲಿಸುವಾಗ ತಾಳಿ ಕಟ್ಟಿಬಿಟ್ಟರೆ ಮುಗಿಯಿತು. ಹಾಗಾಗಿ ಎಂಟನೇ ಚಿತ್ರಕ್ಕೇ ಲೆಕ್ಕ ಹಾಕುತ್ತಿದ್ದೆವು. ಇನ್ನು ನಾಲ್ಕಿದೆ, ಅಂತರಪಟಕ್ಕೆ ಒಂದು, ಮಾಲೆಗೆ ಒಂದು, ಧಾರೆಗೆ ಒಂದು, ತಾಳಿಗೆ ಒಂದು. ಸಾಲದು ಎನಿಸಿದರೆ ಉಳಿದ ನಾಲ್ಕು ಬಿಟ್ಟು ಹೊಸ ರೋಲ್ ಹಾಕುತ್ತಿದ್ದೆವು. ದುಡ್ಡು ಹೋದರೂ ಪರವಾಗಿಲ್ಲ ಎಂದು.

ನಿಮಗೆ ಹೇಳುವುದು ಇಷ್ಟೇ. ಮುಂದೇನು ನಡೆಯುತ್ತದೆ ಎನ್ನುವುದು ನಿಮಗೆ ಪುರೋಹಿತರಷ್ಟೇ ಗೊತ್ತಿರಬೇಕು. ಮದುವೆ ಕ್ರಮ ಊರಿಂದ ಊರಿಗೆ, ಜಾತಿಯಿಂದ ಜಾತಿಗೆ ಬೇರೆ. ಒಂದು ಕಡೆ ಧಾರೆ ಮೊದಲು, ಇನ್ನೊಂದು ಕಡೆ ತಾಳಿ ಮೊದಲು. ಹಿಂದಿನ ದಿನ ಮನೆಯ ಹಿರಿ ಹೆಂಗಸರ ಹತ್ತಿರ ಕೂತು ಮೊದಲಿಂದ ಕೊನೆವರೆಗೆ ಕೇಳಿ ಬರೆದುಕೊಳ್ಳಿ. ಅವರು ಖುಷಿಯಿಂದ ಹೇಳುತ್ತಾರೆ. ಜೊತೆಗೆ ಮಾರನೆ ದಿನ ನಿಮಗೆ ಜಾಗವನ್ನೂ ಅವರೇ ಮಾಡಿಕೊಡುತ್ತಾರೆ.

ಅಂತರಪಟ ಸರಿಯುವ ಗಳಿಗೆ, ಜೀರಿಗೆ ಬೆಲ್ಲ ತಲೆ ಮೇಲೆ ಬೀಳುವ ಗಳಿಗೆ, ಎರಡೂ ಒಂದೆರಡು ಸೆಕೆಂಡು. ಶಟರ್ ವೇಗ 1/250ಕ್ಕಿಂತ ಕಡಿಮೆ ಬೇಡ. ತಾಳಿ ಹೊತ್ತಿಗೆ ಗಟ್ಟಿಮೇಳ ಎಂದ ತಕ್ಷಣ ಐನೂರು ಜನ ಎದ್ದು ಅಕ್ಷತೆ ಹಾಕಲು ಮುಂದೆ ಬರುತ್ತಾರೆ. ದೂರ ನಿಂತವನಿಗೆ ಬೆನ್ನುಗಳು ಮಾತ್ರ ಸಿಗುತ್ತವೆ. ಗಟ್ಟಿಮೇಳಕ್ಕೆ ಐದು ನಿಮಿಷ ಮೊದಲು ಮಂಟಪದ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಡಿ, ಎದ್ದೇಳಬೇಡಿ.

ಸೋಗೆಚಪ್ಪರ

ಹಳೇ ರೋಲ್ ಸರ್, ಬೆಳಕಿಂಡಿ ಅಕ್ಕ, ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಎರಡನೇ ಕಾರ್ಡ್ ಅಣ್ಣ ಹೇಳಿದ ಹಾಗೆ ಡಿ750 ಹುಡುಕುತ್ತಿದ್ದೇನೆ. ಶಿವಮೊಗ್ಗದಲ್ಲಿ ಒಂದು ಇದೆ. ಅದರ ಜೊತೆ ಒಂದು 85 ಎಂಎಂ ಎಫ್/1.8 ಕೂಡ ಕೊಡುತ್ತಾರೆ. ನೋಡಲು ಹೋಗುವಾಗ ಏನು ಗಮನಿಸಲಿ?

ಕರಾವಳಿ ಲೆನ್ಸ್

ಮೊದಲು ಬೂಸಲು ನೋಡಿ. ನಮ್ಮ ಉಡುಪಿ ಕಡೆ, ನಿಮ್ಮ ಮಲೆನಾಡು ಕಡೆ ಸೆಕೆಂಡ್ ಹ್ಯಾಂಡ್ ಲೆನ್ಸ್‌ಗೆ ಅದೇ ಕಾಯಿಲೆ. ಲೆನ್ಸನ್ನು ಬಾಡಿಯಿಂದ ಬಿಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ, ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಗಳಂತೆ ಕಂಡರೆ ಅದು ಫಂಗಸ್. ಬರೀ ಧೂಳಿನ ಕಣಗಳಿದ್ದರೆ ಚಿಂತೆ ಬೇಡ, ಚಿತ್ರದಲ್ಲಿ ಕಾಣುವುದಿಲ್ಲ. ಫಂಗಸ್ ಬಿಡಿಸಿ ಒರೆಸಬಹುದು. ಆದರೆ ಗಾಜಿನ ಮೇಲಿನ ಕೋಟಿಂಗ್ ತಿಂದಿದ್ದರೆ ಆ ಗುರುತು ಹೋಗುವುದಿಲ್ಲ.

ಬಾಡಿಯ ಶಟರ್ ಎಷ್ಟು ಸಲ ಬಿದ್ದಿದೆ ಎಂದು ಕೇಳಬೇಡಿ, ನೀವೇ ಒಂದು ಫೋಟೋ ತೆಗೆದು ಫೈಲಿನಿಂದ ನೋಡಿ. ಡಿ750ರ ಶಟರನ್ನು ಕಂಪನಿ ಒಂದೂವರೆ ಲಕ್ಷ ಸಲಕ್ಕೆ ಪರೀಕ್ಷಿಸಿದೆ. ಅಷ್ಟಾದ ತಕ್ಷಣ ಕೆಡುತ್ತದೆ ಎಂದಲ್ಲ, ಬೆಲೆ ಮಾತಾಡಲು ಅದೊಂದು ಅಳತೆ. ಎರಡೂ ಸ್ಲಾಟಿಗೆ ನಿಮ್ಮದೇ ಕಾರ್ಡ್ ಹಾಕಿ ಪರೀಕ್ಷೆ ಮಾಡಿ. ಎಫ್/16ರಲ್ಲಿ ಆಕಾಶದ ಚಿತ್ರ ತೆಗೆದರೆ ಸೆನ್ಸಾರ್ ಮೇಲಿನ ಕಲೆ ಕಾಣುತ್ತದೆ.

ತಂದ ಮೇಲೆ ಮಳೆಗಾಲಕ್ಕೆ ಹೇಗೆ ಇಡುತ್ತೀರಿ ಎನ್ನುವುದು ಇದಕ್ಕಿಂತ ದೊಡ್ಡ ವಿಷಯ. ಡ್ರೈ ಕ್ಯಾಬಿನೆಟ್‌ಗೆ ದುಡ್ಡಿಲ್ಲದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ತಗೊಳ್ಳಿ. ಒಳಗೆ ಸಿಲಿಕಾ ಜೆಲ್ ಹಾಕಿ, ತೇವ ತೋರಿಸುವ ಸಣ್ಣ ಮೀಟರ್ ಇಡಿ. 40ರಿಂದ 50 ಶೇಕಡಾ ಇದ್ದರೆ ಒಳ್ಳೆಯದು. 60 ದಾಟಿ ವಾರಗಟ್ಟಲೆ ನಿಂತರೆ ಬೂಸಲು ಹಿಡಿಯುವ ಭಯ. ತೀರಾ ಒಣಗಿಸುವುದೂ ಬೇಡ. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಲೆನ್ಸ್ ಜೊತೆ ಬರುವ ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಮಾತ್ರ ಇಡಬೇಡಿ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ಅಕ್ಕಿ ಡಬ್ಬದಲ್ಲಿ ಇಡುವವರಿದ್ದಾರೆ. ಅಕ್ಕಿಯ ಪುಡಿ ಒಳಗೆ ಹೋಗುತ್ತದೆ, ದಯವಿಟ್ಟು ಬೇಡ.

ಎರಡನೇ ಕಾರ್ಡ್

ಡಿ750 ಸಿಕ್ಕರೆ ನಿನ್ನ 50 ಅದಕ್ಕೆ ಹಾಕಿಕೊಂಡು ಮಂಟಪದ ಪಕ್ಕ ಕೂರು. 85ನ್ನು ಡಿ5600ಕ್ಕೆ ಹಾಕಿದರೆ, ಅದರ ಸೆನ್ಸಾರ್ ಚಿಕ್ಕದಾದ್ದರಿಂದ, ಅದು ಸುಮಾರು 127 ಎಂಎಂ ಲೆನ್ಸಿನ ನೋಟ ಕೊಡುತ್ತದೆ. ದೂರದ ಮುಖಗಳು, ತಾಯಿಯ ಕಣ್ಣೀರು ಅದರಲ್ಲಿ ಸಿಗುತ್ತವೆ. ಗುಂಪು ಫೋಟೋ ಹಗಲು ಹೊರಗೆ ಎಫ್/8ರಲ್ಲಿ ತೆಗೆಯುವುದಾದರೆ ಕಿಟ್ ಲೆನ್ಸೇ ಧಾರಾಳ ಸಾಕು. ಉಳಿದ ದುಡ್ಡಿಗೆ ಎರಡು ಫ್ಲ್ಯಾಶ್, ಅವನ್ನು ದೂರದಿಂದ ಹೊತ್ತಿಸಲು ಒಂದು ಟ್ರಿಗರ್, ನಾಲ್ಕು ಕಾರ್ಡ್. ಎರಡು ಕ್ಯಾಮೆರಾದ ಬ್ಯಾಟರಿ ಬೇರೆ ಬೇರೆ ಥರ, ಹಾಗಾಗಿ ಎರಡಕ್ಕೂ ಹೆಚ್ಚಿನದ್ದು ಇಟ್ಟುಕೋ.

ಬೆಳಿಗ್ಗೆ ಎರಡೂ ಕ್ಯಾಮೆರಾದ ಗಡಿಯಾರ ಒಂದೇ ಸಮಯಕ್ಕೆ ಹೊಂದಿಸು. ಇಲ್ಲದಿದ್ದರೆ ಆಲ್ಬಮ್ ಜೋಡಿಸುವಾಗ ತಾಳಿ ಕಟ್ಟಿದ ಮೇಲೆ ಅಂತರಪಟ ಬರುತ್ತದೆ.

ಮೂರು ಸಾವಿರ ರಾ ಫೈಲ್ ಎಂದರೆ 80 ಜಿಬಿ ದಾಟುತ್ತದೆ. ಅದನ್ನು ಅವತ್ತು ರಾತ್ರಿಯೇ ಎರಡು ಬೇರೆ ಹಾರ್ಡ್ ಡಿಸ್ಕ್‌ಗೆ ಹಾಕಬೇಕು. ಆಲ್ಬಮ್ ಕೊಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡ.

ಸೋಗೆಚಪ್ಪರ

ಇನ್ನೊಂದು ವಿಷಯ ಕೇಳಲು ಸಂಕೋಚ. ದುಡ್ಡು ಎಷ್ಟು ಕೇಳಲಿ? ಗೆಳೆಯನ ಮನೆ. ಚಿಕ್ಕಂದಿನಿಂದ ಅಲ್ಲೇ ಊಟ ಮಾಡಿದ್ದೇನೆ.

ಕರಾರು ಪತ್ರ

ಸಂಕೋಚ ಬೇಡ, ಲೆಕ್ಕ ಮಾಡೋಣ. 1 ಲಕ್ಷ 20 ಸಾವಿರದ ಸಾಮಾನು ನಾಲ್ಕು ವರ್ಷ ದುಡಿಯುತ್ತದೆ ಎಂದುಕೊಳ್ಳಿ. ವರ್ಷಕ್ಕೆ 25 ಮದುವೆ ಸಿಕ್ಕರೆ ಒಂದು ಮದುವೆಗೆ 1,200 ರೂಪಾಯಿ ಬರೀ ಸಾಮಾನಿನ ಸವೆತ. ಅದರ ಮೇಲೆ ಆಲ್ಬಮ್ ಮುದ್ರಣ, ಹಾರ್ಡ್ ಡಿಸ್ಕ್, ಓಡಾಟ, ಸಹಾಯಕ ಹುಡುಗನ ಕೂಲಿ. ಆಮೇಲೆ ನಿಮ್ಮ ದಿನಗಳನ್ನು ಎಣಿಸಿ. ಮದುವೆ ಎರಡು ದಿನ ಇರಬಹುದು, ಚಿತ್ರ ಆರಿಸಿ ತಿದ್ದುವುದಕ್ಕೆ ಇನ್ನೂ ನಾಲ್ಕೈದು ದಿನ. ಆರೇಳು ದಿನದ ದುಡಿಮೆಯನ್ನು ಎರಡು ದಿನದ್ದು ಎಂದು ಹೇಳಿದರೆ ನಷ್ಟ ನಿಮಗೇ. ಗೆಳೆಯನ ಮನೆಗೆ ಕಡಿಮೆ ಮಾಡಬೇಕೆನಿಸಿದರೆ ನಿಮ್ಮ ದುಡಿಮೆಯಲ್ಲಿ ಮಾಡಿ. ಆಲ್ಬಮ್, ಡಿಸ್ಕ್ ಖರ್ಚು ಪೂರ್ತಿ ತಗೊಳ್ಳಿ. ಅದನ್ನೂ ಬಾಯಲ್ಲಿ ಹೇಳಬೇಡಿ, ಒಂದು ಹಾಳೆಯಲ್ಲಿ ಬರೆದುಕೊಡಿ: ಎಷ್ಟು ಪುಟದ ಆಲ್ಬಮ್, ಯಾವಾಗ ಕೊಡುವುದು, ಮುಂಗಡ ಎಷ್ಟು.

ಆ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದ್ದು. ಬೇರೆ ಒಪ್ಪಂದ ಇದ್ದರೆ ಮಾತ್ರ ಬೇರೆ. ತೆಗೆದವನದ್ದೇ ಹಕ್ಕು ಎಂದು ನಮ್ಮಲ್ಲಿ ತುಂಬಾ ಜನ ತಿಳಿದುಕೊಂಡಿದ್ದಾರೆ. ಹಾಗಾಗಿ ನಿಮ್ಮ ಪುಟದಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಚಿತ್ರ ಹಾಕಲು ಮನೆಯವರ ಒಪ್ಪಿಗೆ ಬರೆಸಿಕೊಳ್ಳಿ. ಹುಡುಗಿಯನ್ನೇ ನೇರವಾಗಿ ಕೇಳಿ. ಅವಳ ಮುಖ ಅದು.

ಜಿಎಸ್‌ಟಿ ಚಿಂತೆ ಈಗ ಬೇಡ. ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ ನೋಂದಣಿ.

ಹಳೇ ರೋಲ್

ಕರಾರು ಪತ್ರದವರು ವರ್ಷಕ್ಕೆ 25 ಎಂದರು. ಹಳ್ಳಿಯಲ್ಲಿ ಮೊದಲ ವರ್ಷ ಹತ್ತು ಸಿಕ್ಕರೆ ದೊಡ್ಡದು. ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಹತ್ತರ ಲೆಕ್ಕದಲ್ಲೇ ಮನೆ ನಡೆಯುವ ಹಾಗೆ ನೋಡಿಕೊಳ್ಳಿ. ಸ್ಟುಡಿಯೋ ಕೆಲಸ ಬಿಡಬೇಡಿ.

ಖಾಲಿ ತಿಂಗಳಲ್ಲಿ ಊರಿನ ಜನರ ಚಿತ್ರ ತೆಗೆಯಿರಿ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು, ಅಂಗಡಿಯವರು, ಶಾಲೆ ಬಿಟ್ಟು ಬರುವ ಮಕ್ಕಳು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಹುಡುಕಿ ನೋಡಿ. ದೇಶವಿದೇಶದ ಪತ್ರಿಕೆಗಳಿಗೆ ದುಡಿದವರು, 1977ರಲ್ಲಿ ಪದ್ಮಶ್ರೀ ಬಂತು. ಅವರು ಮತ್ತೆ ಮತ್ತೆ ತೆಗೆದದ್ದು ಸಾಮಾನ್ಯ ಜನರನ್ನೇ. ನಾನು ಅವರ ಚಿತ್ರ ನೋಡಿಯೇ ಎಷ್ಟು ಹತ್ತಿರ ಹೋಗಬೇಕು, ಎಲ್ಲಿ ನಿಲ್ಲಬೇಕು ಎನ್ನುವುದನ್ನು ಕಲಿತೆ.

ಸೋಗೆಚಪ್ಪರ

ಎಲ್ಲರಿಗೂ ಮತ್ತೆ ನಮಸ್ಕಾರ. ಮದುವೆ ಮುಗಿದು ಹನ್ನೆರಡು ದಿನ ಆಯಿತು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಡಿ750, 85 ಎರಡೂ ತಂದೆ. 85ರಲ್ಲಿ ಧೂಳಿತ್ತು, ಬಲೆ ಇರಲಿಲ್ಲ. ಬಿಳಿ ಬಟ್ಟೆ ಕಟ್ಟಲು ಗೆಳೆಯನ ಅಪ್ಪ ಮೊದಲು ಒಪ್ಪಲಿಲ್ಲ. ಮದುವೆ ಮನೆಯಲ್ಲಿ ಬರೀ ಬಿಳಿ ಯಾಕೆ ಎಂದರು. ಅಂಚಿಗೆಲ್ಲ ಚೆಂಡುಹೂವಿನ ಸರ ಕಟ್ಟಿ ತೋರಿಸಿದ ಮೇಲೆ ಹೂಂ ಎಂದರು.

ಹಿಂದಿನ ದಿನ ಹುಡುಗಿಯ ಅಜ್ಜಿಯ ಹತ್ತಿರ ಕೂತು ಎಲ್ಲ ಬರೆದುಕೊಂಡೆ. ನಾಲ್ಕು ಪುಟ ಆಯಿತು. ಧಾರೆ ಹೊತ್ತಿಗೆ ನಾನು ಕೂತಿದ್ದ ಕಡೆ ಯಾರೋ ಅಡ್ಡ ಬಂದಾಗ ಆ ಅಜ್ಜಿಯೇ "ಹುಡುಗ ಕೂತಿದಾನೆ, ಸರೀರಿ" ಎಂದು ಎರಡು ಸಲ ಕೂಗಿದರು. ಧಾರೆಯ ನೀರು ಬೀಳುವ ಎಳೆ, ಅದರ ಹಿಂದೆ ಅಪ್ಪನ ಮುಖ, ಎರಡೂ ಸ್ಪಷ್ಟ ಬಂದಿವೆ.

ಒಂದು ತಪ್ಪು ಮಾಡಿದೆ. ಗಡಿಯಾರ ಹೊಂದಿಸಿದೆ, ಡಿ5600ರಲ್ಲಿ ಬ್ಯಾಟರಿ ನೋಡಲಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಅದು ನಿಂತುಹೋಯಿತು. ತಾಯಿಯ ಮುಖ ದೂರದಿಂದ ತೆಗೆಯಬೇಕು ಎಂದುಕೊಂಡಿದ್ದು ಆಗಲಿಲ್ಲ. ತಾಳಿ ಮಾತ್ರ ಎರಡು ಕಾರ್ಡಿನಲ್ಲೂ ಇದೆ.

ಈಗ ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಅವರ ಮನೆಯಲ್ಲಿ ಹಸೆಗೋಡೆ ಬರೆದಿದ್ದರು. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಚಿತ್ತಾರ. ಅದರ ಮುಂದೆ ಕೆಂಪು ರೇಷ್ಮೆ ಸೀರೆಯಲ್ಲಿ ಹುಡುಗಿಯನ್ನು ಕಿಟಕಿ ಬೆಳಕಿನಲ್ಲಿ ಕೂರಿಸಿ ತೆಗೆದೆ. ನನಗೆ ತುಂಬಾ ಇಷ್ಟವಾದ ಚಿತ್ರ. ಆದರೆ ಸೀರೆಯ ಮಡಿಕೆಗಳೇ ಕಾಣುತ್ತಿಲ್ಲ, ಕೆಂಪು ಬಣ್ಣ ಬಳಿದ ಹಾಗಿದೆ. ಕ್ಯಾಮೆರಾದಲ್ಲಿ ಹಿಸ್ಟೋಗ್ರಾಂ (ಬೆಳಕು ಎಷ್ಟಿದೆ ಎಂದು ತೋರಿಸುವ ಗ್ರಾಫ್) ಸರಿಯಾಗಿಯೇ ಇತ್ತು.

ಬೆಳಕಿಂಡಿ

ಧಾರೆ ಚಿತ್ರದ ಬಗ್ಗೆ ಓದಿ ಕಣ್ಣು ತುಂಬಿತು. ಒಳ್ಳೆ ಕೆಲಸ ಮಾಡಿದ್ದೀರಿ.

ನೀವು ನೋಡಿದ್ದು ಬಿಳಿ ಹಿಸ್ಟೋಗ್ರಾಂ. ಅದು ಮೂರೂ ಬಣ್ಣ ಸೇರಿದ ಲೆಕ್ಕ. ಕೆಂಪು ರೇಷ್ಮೆಗೆ ಕೆಂಪು ಬಣ್ಣ ಮಾತ್ರ ತುಂಬಿ ಚೆಲ್ಲಿರುತ್ತದೆ, ಒಟ್ಟು ಲೆಕ್ಕದಲ್ಲಿ ಅದು ಗೊತ್ತಾಗುವುದಿಲ್ಲ. ಮುಂದಿನ ಸಲ ಆರ್‌ಜಿಬಿ ಹಿಸ್ಟೋಗ್ರಾಂ ತೆರೆದು ಕೆಂಪಿನ ಗುಡ್ಡ ಬಲ ಅಂಚಿಗೆ ತಾಗಿದೆಯಾ ನೋಡಿ. ತಾಗಿದ್ದರೆ ಎಕ್ಸ್‌ಪೋಷರ್ ಮೂರನೇ ಎರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ).

ಈ ಚಿತ್ರ ಇನ್ನೂ ಉಳಿಯಬಹುದು, ರಾ ಇದೆಯಲ್ಲ. ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ, ಕ್ಯಾಮೆರಾ ಪ್ರೊಫೈಲನ್ನು ನ್ಯೂಟ್ರಲ್‌ಗೆ ಬದಲಿಸಿ, ಕೆಂಪಿನ ಸ್ಯಾಚುರೇಷನ್ ಹತ್ತು ಹದಿನೈದು ತಗ್ಗಿಸಿ. ಎಸ್‌ಆರ್‌ಜಿಬಿಗೆ (ಫೋನು, ಕಂಪ್ಯೂಟರಿಗೆ ಬಳಸುವ ಬಣ್ಣದ ವ್ಯಾಪ್ತಿ) ಬದಲಿಸುವಾಗಲೂ ಕೆಂಪು ಮತ್ತೆ ಚೆಲ್ಲುತ್ತದೆ, ಆಗ ಇನ್ನೊಮ್ಮೆ ನೋಡಿ. ಮಡಿಕೆಗಳು ಎಷ್ಟು ವಾಪಸ್ ಬಂದವು ಎಂದು ಇಲ್ಲೇ ಬರೆಯಿರಿ. ಮಳೆ ಶುರುವಾಗಿದೆ, 85ನ್ನು ಡಬ್ಬಕ್ಕೆ ಹಾಕಿದಿರಾ?

ಸೋಗೆಚಪ್ಪರ

ಹಾಕಿದೆ ಅಕ್ಕ. ಮೀಟರ್ 58 ತೋರಿಸುತ್ತಿದೆ. ಜೆಲ್ ಇನ್ನೊಂದು ಪೊಟ್ಟಣ ತರಬೇಕು.